ಆರೂವರೆ ಪೌಂಡಿನ ಪಂದ್ಯ

ಪಟ್ಟಾಭಿಷೇಕ, ಯುದ್ಧ, ಸಂಧಿ ಇವುಗಳನ್ನೇ ಚರಿತ್ರೆಯೆಂದು ಓದಿ ಬೆಳೆದ ನಮಗೆ, ಆಟದ ಮೇಜೊಂದರ ಕಥೆಯನ್ನು ಚರಿತ್ರೆಯೆಂದು ಕರೆಯಲು ತುಸು ಸಂಕೋಚವಾಗುವುದು ಸಹಜ. ಆದರೆ ಸ್ನೂಕರ್ ಆಟ ನಮಗೆ ಅಷ್ಟೇನೂ ಹೊರಗಿನದಲ್ಲ. 1875ರಲ್ಲಿ ಜಬ್ಬಲಪುರದ ದಂಡಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ (ಮುಂದೆ ಪ್ರಧಾನಮಂತ್ರಿಯಾದವನಲ್ಲ, ಬೇರೊಬ್ಬ) ಇದನ್ನು ಹುಟ್ಟಿಸಿದನು. ಇದರ ನಿಯಮಗಳು ರೂಪುಗೊಂಡದ್ದು ಉದಕಮಂಡಲದ ಕ್ಲಬ್ಬಿನಲ್ಲಿ. ಗುಂಡ್ಲುಪೇಟೆಯ ದಾರಿಯಾಗಿ ನೀಲಗಿರಿಗೆ ಹೋಗಿಬಂದ ನಮ್ಮವರಲ್ಲಿ ಇದನ್ನು ಬಲ್ಲವರು ಎಷ್ಟು ಮಂದಿಯೋ!

ಇಂಗ್ಲೆಂಡಿಗೆ ಹೋದ ಮೇಲೆ ಈ ಆಟ ಬಹುಕಾಲ ಬಿಲಿಯರ್ಡ್ಸಿನ ಬಾಲವಾಗಿಯೇ ಇತ್ತು. ಹಿರಿಯ ಆಟ ಮುಗಿದ ಮೇಲೆ ಪ್ರೇಕ್ಷಕರ ವಿನೋದಕ್ಕಾಗಿ ಇದನ್ನು ಆಡುತ್ತಿದ್ದರು. ನಾಟಿಂಗ್‌ಹ್ಯಾಮಿನ ಟಾಮ್ ಡೆನ್ನಿಸ್ ಎಂಬ ಆಟಗಾರನು, ಸ್ನೂಕರಿಗೂ ಒಂದು ಪಂದ್ಯಾವಳಿ ಬೇಕೆಂದು 1924ರಲ್ಲಿ ಸಂಘಕ್ಕೆ ಬರೆದನು. ಜನ ಹಣ ಕೊಟ್ಟು ನೋಡುವಷ್ಟು ಆಕರ್ಷಣೆ ಈ ಆಟಕ್ಕುಂಟೇ ಎಂದು ಸಂಘದವರು ಸಂದೇಹಪಟ್ಟರು. ಅಧಿಕಾರದ ಪೀಠಗಳ ಸಂದೇಹ ಎಲ್ಲ ಕಾಲದಲ್ಲಿಯೂ ಇದೇ ಬಗೆಯದು.

ಜೋ ಡೇವಿಸ್‌ನ ಪ್ರಯತ್ನದಿಂದ ಕೊನೆಗೂ ಅನುಮತಿ ದೊರೆಯಿತು. 1926ರ ನವೆಂಬರಿನಲ್ಲಿ ಹತ್ತು ಮಂದಿ ಆಟಗಾರರಿಂದ ಪಂದ್ಯ ಮೊದಲಾಯಿತು. ಪ್ರವೇಶಧನ ಐದು ಗಿನಿ. ಲಂಡನ್ನಿನ ಥರ್ಸ್ಟನ್ ಭವನದಲ್ಲಿ ಇನ್ಮನ್, ನ್ಯೂಮನ್ ಎಂಬಿಬ್ಬರು ಆಡಿದ ಮೊದಲನೆಯ ಪಂದ್ಯವೂ ಬಿಲಿಯರ್ಡ್ಸ್ ಪಂದ್ಯವೊಂದರ ಜತೆಗೇ ನಡೆಯಿತು. ಬಾಲವು ಇನ್ನೂ ದೇಹವನ್ನು ಬಿಟ್ಟಿರಲಿಲ್ಲ. ಇಡೀ ಪಂದ್ಯಾವಳಿಯಲ್ಲಿ ಒಂದೇ ಸರದಿಯಲ್ಲಿ ಗಳಿಸಿದ ಅತ್ಯಧಿಕ ಅಂಕ ಆಲ್ಬರ್ಟ್ ಕೋಪನ 60. ಹದಿನೈದು ಕೆಂಪು ಚೆಂಡುಗಳನ್ನೂ, ಒಂದೊಂದರ ಬೆನ್ನಿಗೂ ಏಳಂಕದ ಕಪ್ಪನ್ನೂ, ಕೊನೆಗೆ ಬಣ್ಣದ ಆರನ್ನೂ ಕೆಡವಿದರೆ 147 ಆಗುತ್ತದೆಯೆಂಬುದನ್ನು ನೆನೆದರೆ, ಆಗಿನ ಆಟ ಎಷ್ಟು ಎಳೆಯದೆಂಬುದು ತಿಳಿದೀತು.

1927ರ ಮೇ 9ರಿಂದ 12ರ ವರೆಗೆ ಬರ್ಮಿಂಗ್‌ಹ್ಯಾಮಿನ ಕ್ಯಾಂಕಿನ್ ಭವನದಲ್ಲಿ ಅಂತಿಮ ಪಂದ್ಯ. ಎದುರಾದವರು ಡೇವಿಸ್ ಮತ್ತು ಡೆನ್ನಿಸ್. 31 ಆಟಗಳಲ್ಲಿ 16 ಗೆದ್ದರೆ ಸಾಕು. ಡೇವಿಸ್ 16–7ರಲ್ಲಿಯೇ ಗೆದ್ದನು. ಆದರೂ ಅಂದಿನ ಪದ್ಧತಿಯಂತೆ ಉಳಿದ ಆಟಗಳನ್ನೂ ಆಡಿ 20–11ಕ್ಕೆ ಮುಗಿಸಿದರು. ಸೋತು ಮುಗಿದ ಮೇಲೆಯೂ ಎಂಟು ಆಟ ಆಡಬೇಕಾದವನ ಮನಸ್ಸನ್ನು ನಾವು ಊಹಿಸಬಹುದು.

ವಿಜೇತನ ಕೈಗೆ ಬಂದದ್ದು ಆರು ಪೌಂಡು ಹತ್ತು ಷಿಲ್ಲಿಂಗು. ಪ್ರವೇಶಧನದ ಒಂದು ಭಾಗದಿಂದ ಸಂಘವು ಬೆಳ್ಳಿಯ ಪಾರಿತೋಷಕವೊಂದನ್ನು ಕೊಂಡಿತು. 1977ರಿಂದ ಷೆಫೀಲ್ಡಿನಲ್ಲಿ ನಡೆಯುವ ಜಗತ್ ಪಂದ್ಯಾವಳಿಯಲ್ಲಿ ಗೆದ್ದವರು ಎತ್ತಿಹಿಡಿಯುವುದು ಅದನ್ನೇ. ಆಟಗಾರರ ಜೇಬಿನಿಂದಲೇ ಬಂದ ಬೆಳ್ಳಿ ಅದು.

ಡೇವಿಸ್ 1946ರ ವರೆಗೆ ಹದಿನೈದು ಬಾರಿ ಗೆದ್ದು, ಸೋಲದೆಯೇ ಆ ಪಂದ್ಯದಿಂದ ನಿವೃತ್ತನಾದನು. ಅವನ ಕೀರ್ತಿಗೆ ನಮ್ಮ ಮಾತು ಬೇಡ. ನಮ್ಮ ಮನಸ್ಸು ನಿಲ್ಲುವುದು ಡೆನ್ನಿಸನ ಮೇಲೆ. ಮೊದಲು ಕೇಳಿದವನು ಅವನು. ನಾಲ್ಕು ಬಾರಿ ಅಂತಿಮ ಪಂದ್ಯಕ್ಕೆ ಬಂದು ನಾಲ್ಕು ಬಾರಿಯೂ ಡೇವಿಸನಿಗೇ ಸೋತನು. 1931ರಲ್ಲಿ ಹೆಸರು ಕೊಟ್ಟವರು ಇವರಿಬ್ಬರೇ. ಪಂದ್ಯ ನಡೆದದ್ದು ನಾಟಿಂಗ್‌ಹ್ಯಾಮಿನಲ್ಲಿ, ಡೆನ್ನಿಸನ ಸ್ವಂತ ಆಟದ ಕೋಣೆಯಲ್ಲಿ. ಡೇವಿಸ್ 25, ಡೆನ್ನಿಸ್ 21.