ಕ್ವಿಬೆಕ್ ಕತ್ತಲಾದ ಜನವರಿ: 1998

ಆಲಿಕಲ್ಲು ಮಳೆಯನ್ನು ನೀವು ನೋಡಿರುತ್ತೀರಿ. ಬೇಸಗೆಯ ಸಂಜೆ ಗುಡುಗು ಸಿಡಿಲುಗಳ ಜೊತೆ ಬರುತ್ತದೆ, ಹಂಚಿನ ಮೇಲೆ ಸದ್ದು ಮಾಡುತ್ತದೆ, ಕಾಲು ಗಂಟೆಯಲ್ಲಿ ಕರಗಿಹೋಗುತ್ತದೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಮಳೆ ಶೀತದೇಶಗಳಲ್ಲಿದೆ. ಬೀಳುವಾಗ ಅದು ಬರಿಯ ನೀರು. ರಸ್ತೆಗೋ ಕೊಂಬೆಗೋ ತಂತಿಗೋ ತಗುಲಿದೊಡನೆ ಮಂಜುಗಡ್ಡೆ. ಗುಡುಗಿಲ್ಲ, ಬಿರುಗಾಳಿಯೂ ಇರಬೇಕೆಂದಿಲ್ಲ. ನಮ್ಮಲ್ಲಿ ಬೀಳದ ಈ ಮಳೆಗೆ ನಮ್ಮ ಆಡುಮಾತಿನಲ್ಲಿ ಹೆಸರೂ ಇಲ್ಲ. ಸದ್ಯಕ್ಕೆ ಹೆಪ್ಪುಮಳೆ ಎಂದು ಕರೆಯೋಣ. 1998ರ ಜನವರಿ ಮೊದಲ ಹತ್ತು ದಿನಗಳಲ್ಲಿ ಇಂಥ ಮಳೆ ಕೆನಡದ ಕ್ವಿಬೆಕ್ ಪ್ರಾಂತ್ಯದ ದಕ್ಷಿಣ ಭಾಗವನ್ನು ಕತ್ತಲೆಗೆ ತಳ್ಳಿತು. ಪಕ್ಕದ ಒಂಟಾರಿಯೊ, ನ್ಯೂ ಬ್ರನ್ಸ್‌ವಿಕ್ ಮತ್ತು ಗಡಿಯಾಚೆ ಅಮೆರಿಕದ ನ್ಯೂಯಾರ್ಕ್, ಮೇನ್ ಮೊದಲಾದ ರಾಜ್ಯಗಳೂ ಪೆಟ್ಟು ತಿಂದವು.

ಇದು ಹೇಗೆ ಸಾಧ್ಯ? ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಪೂರ್ಣ ಸತ್ಯವಲ್ಲ. ಹೆಪ್ಪುಗಟ್ಟಲು ಆರಂಭಿಸುವುದಕ್ಕೆ ಒಂದು ಆಸರೆ ಬೇಕು: ಒಂದು ಧೂಳಿನ ಕಣ, ಒಂದು ಹರಳು ಅಥವಾ ಒಂದು ಗಟ್ಟಿ ಮೇಲ್ಮೈ. ಅದು ಸಿಗದಿದ್ದರೆ ಸಣ್ಣ ಹನಿಗಳು ಶೂನ್ಯಕ್ಕಿಂತ ಕೆಳಗಿನ ತಾಪದಲ್ಲೂ ದ್ರವವಾಗಿಯೇ ಉಳಿಯಬಲ್ಲವು. ಇದು ಅತಿಶೀತಿತ ನೀರು. ಹೆಪ್ಪುಮಳೆ ಹುಟ್ಟಲು ವಾತಾವರಣ ಮೂರು ಪದರಗಳಾಗಿ ಜೋಡಣೆಗೊಂಡಿರಬೇಕು. ಮೇಲಿನ ತಣ್ಣನೆಯ ಪದರದಿಂದ ಹಿಮ ಬೀಳುತ್ತದೆ. ನಡುವಿನ ಬೆಚ್ಚನೆಯ ಪದರದಲ್ಲಿ ಅದು ಕರಗಿ ಹನಿಯಾಗುತ್ತದೆ. ನೆಲದ ಮೇಲೆ ಕೆಲವೇ ನೂರು ಮೀಟರ್ ದಪ್ಪದ, ಶೂನ್ಯಕ್ಕಿಂತ ತಣ್ಣಗಿನ ಗಾಳಿಯ ಹಾಸು ಇರುತ್ತದೆ. ಹನಿ ಅದರ ಮೂಲಕ ಹಾಯುವಾಗ ತಣಿಯುತ್ತದೆಯೇ ಹೊರತು ಹೆಪ್ಪುಗಟ್ಟಲು ಅದಕ್ಕೆ ಸಮಯ ಸಾಲದು. ಕೆಳಗಿನ ಹಾಸು ಇನ್ನಷ್ಟು ದಪ್ಪವಿದ್ದರೆ ಹನಿ ಗಾಳಿಯಲ್ಲೇ ಗಟ್ಟಿಯಾಗಿ ಕಾಳಿನಂತೆ ಪುಟಿದು ಬೀಳುತ್ತದೆ. ಅದರಿಂದ ತಂತಿಗಳಿಗೆ ಅಷ್ಟೇನೂ ಅಪಾಯವಿಲ್ಲ.

ಸೇಂಟ್ ಲಾರೆನ್ಸ್ ನದಿಯ ಕಣಿವೆ ಈ ಜೋಡಣೆಗೆ ಹೇಳಿ ಮಾಡಿಸಿದ ಸ್ಥಳ. ಈಶಾನ್ಯದಿಂದ ಕಣಿವೆಗುಂಟ ನುಗ್ಗುವ ಭಾರವಾದ ಶೀತಲ ಗಾಳಿ ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಮೆಕ್ಸಿಕೊ ಕೊಲ್ಲಿಯ ತೇವ ತುಂಬಿದ ಬೆಚ್ಚನೆಯ ಗಾಳಿ ಅದರ ಮೇಲೇರಿ ಬರುತ್ತದೆ. ಮಾಂಟ್ರಿಯಲ್ ಜನರಿಗೆ ಇದು ಹೊಸದೇನಲ್ಲ, ಪ್ರತಿ ಚಳಿಗಾಲದಲ್ಲೂ ಹಲವು ಬಾರಿ ಕಾಣುವಂಥದು. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. 1998ರಲ್ಲಿ ಈಶಾನ್ಯದಲ್ಲಿ ಹೆಚ್ಚು ಒತ್ತಡದ ವಲಯವೊಂದು ಅಲುಗದೆ ನಿಂತುಬಿಟ್ಟಿತು. ಅಲೆಯ ಹಿಂದೆ ಅಲೆಯಾಗಿ ಬಂದ ತೇವಗಾಳಿ ಅದೇ ದಾರಿಯಲ್ಲಿ ಮತ್ತೆ ಮತ್ತೆ ಹಾದುಹೋಯಿತು. ಬಿಟ್ಟು ಬಿಟ್ಟು ಬಿದ್ದ ಮಳೆ ಒಟ್ಟು 80 ಗಂಟೆಗಳನ್ನು ಮೀರಿತು. ವರ್ಷವಿಡೀ ಬೀಳುವುದರ ಹೆಚ್ಚುಕಡಮೆ ಎರಡರಷ್ಟು. ಆಟವಾದಲ್ಲಿ 85, ಮಾಂಟ್ರಿಯಲ್‌ನಲ್ಲಿ 100, ಕಾರ್ನ್‌ವಾಲ್‌ನಲ್ಲಿ 108 ಮಿಮೀ.

ನೂರು ಮಿಲಿಮೀಟರ್ ಎಂದರೆ ಆಗುಂಬೆಯವರು ನಕ್ಕಾರು. ಜುಲೈ ತಿಂಗಳ ಒಂದೇ ದಿನದಲ್ಲಿ ಅಲ್ಲಿ ಅಷ್ಟು ಸುರಿಯುವುದು ಅಪರೂಪವಲ್ಲ. ಆದರೆ ಆಗುಂಬೆಯ ನೀರು ಹರಿದುಹೋಗುತ್ತದೆ. ಇಲ್ಲಿಯದು ಬಿದ್ದಲ್ಲೇ ಉಳಿಯಿತು.

ಉಳಿದರೆ ಏನಾಗುತ್ತದೆ, ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 3 ಸೆಂಮೀ. ವ್ಯಾಸದ ವಿದ್ಯುತ್ ತಂತಿಯ ಸುತ್ತ 2.5 ಸೆಂಮೀ. ದಪ್ಪದ ಮಂಜು ಕಟ್ಟಿದೆ ಎನ್ನಿ. ಮಂಜುಗಡ್ಡೆಯ ಸಾಂದ್ರತೆಯನ್ನು ಘನ ಮೀಟರಿಗೆ 900 ಕಿಗ್ರಾಂ ಎಂದು ಹಿಡಿದರೆ ತಂತಿಯ ಪ್ರತಿ ಮೀಟರಿನ ಮೇಲೆ ಸುಮಾರು 3.9 ಕಿಗ್ರಾಂ ಹೊರೆ. ಮಂಜಿನ ದಪ್ಪ 5 ಸೆಂಮೀ. ಆದರೆ? ಹೊರೆ 11.3 ಕಿಗ್ರಾಂ. ದಪ್ಪ ಎರಡರಷ್ಟಾದಾಗ ಭಾರ ಸುಮಾರು ಮೂರರಷ್ಟಾಯಿತು. ಎರಡು ಗೋಪುರಗಳ ನಡುವೆ 400 ಮೀಟರ್ ಅಂತರವಿದ್ದರೆ ಒಂದೇ ತಂತಿಯ ಮೇಲೆ ನಾಲ್ಕೂವರೆ ಟನ್. ಅತ್ಯಧಿಕ ವೋಲ್ಟೇಜಿನ ಮಾರ್ಗದಲ್ಲಿ ಪ್ರತಿ ಫೇಸಿಗೆ ನಾಲ್ಕರಂತೆ ಹನ್ನೆರಡು ತಂತಿಗಳು. ಅಂದರೆ 54 ಟನ್. ಮಳೆ ಇನ್ನೊಂದು ದಿನ ಮುಂದುವರಿಯುವುದು ಇಲ್ಲಿ ‘ಇನ್ನಷ್ಟು’ ಎಂಬ ಸರಳ ಮಾತಲ್ಲ ಎನ್ನುವುದು ಇದರಿಂದ ತಿಳಿದೀತು.

ಗೋಪುರವನ್ನು ವಿನ್ಯಾಸ ಮಾಡುವ ಎಂಜಿನಿಯರ್ ಎಷ್ಟು ದಪ್ಪದ ಮಂಜಿಗೆ ಅದು ತಡೆಯಬೇಕೆಂದು ಮೊದಲೇ ಒಂದು ಸಂಖ್ಯೆಯನ್ನು ನಿಗದಿಪಡಿಸಬೇಕು. ಆ ಸಂಖ್ಯೆ ಬರುವುದು ಹಿಂದಿನ ಅನುಭವದಿಂದ. ಮಾಂಟ್ರಿಯಲ್ ಕಂಡ 1961ರ ದೊಡ್ಡ ಹೆಪ್ಪುಮಳೆಯಲ್ಲೂ ಆಟವಾ ಕಂಡ 1986ರದರಲ್ಲೂ ಮಂಜು 30ರಿಂದ 40 ಮಿಮೀ. ಕಟ್ಟಿತ್ತು. ಎಲ್ಲ ಗೋಪುರಗಳನ್ನೂ ಇದರ ಎರಡರಷ್ಟು ದಪ್ಪಕ್ಕೆ ಕಟ್ಟಬಹುದಿತ್ತು, ಹಣವಿದ್ದರೆ. ಹಾಗೆ ನೋಡಿದರೆ 1998ರ ಕತೆ ಹವಾಮಾನದ ಕತೆಯಷ್ಟೇ ಅಲ್ಲ, ಕಡತದಲ್ಲಿ ಬರೆದಿಟ್ಟ ಆ ಒಂದು ಸಂಖ್ಯೆಯ ಕತೆಯೂ ಹೌದು.

ಕ್ವಿಬೆಕ್ ಮಟ್ಟಿಗೆ ಆ ಸಂಖ್ಯೆ ಹೆಚ್ಚು ಮುಖ್ಯ. ಅಲ್ಲಿಯ ವಿದ್ಯುತ್ತು ಬಹುಪಾಲು ಉತ್ತರದ ದೂರದ ನದಿಗಳ ಜಲವಿದ್ಯುತ್ತು. ಅದನ್ನು ಹೊತ್ತು ತರಲು ಸರ್ಕಾರಿ ಸಂಸ್ಥೆಯಾದ ಹೈಡ್ರೋ-ಕ್ವಿಬೆಕ್ 1965ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ 735 ಕಿಲೋವೋಲ್ಟ್ ಮಾರ್ಗವನ್ನು ಚಾಲನೆಗೆ ತಂದಿತು. ಇದರ ಹಿಂದಿದ್ದವರು ಜಾಂ-ಜಾಕ್ ಆರ್ಶಾಂಬೋ ಎಂಬ ಎಂಜಿನಿಯರ್. ಹೆಮ್ಮೆಪಡಬೇಕಾದ ಸಾಧನೆಯೇ. ಆಮೇಲೆ ಬಂದ ಜೇಮ್ಸ್ ಕೊಲ್ಲಿ ಯೋಜನೆಯಿಂದ ಮಾಂಟ್ರಿಯಲ್‌ಗೆ ಸುಮಾರು ಸಾವಿರ ಕಿಮೀ. ದೂರ, ಶರಾವತಿಯಿಂದ ಬೆಂಗಳೂರಿಗೆ ಇರುವ ದೂರದ ಎರಡರಷ್ಟಕ್ಕೂ ಮಿಗಿಲು. ವಿದ್ಯುತ್ತು ಅಗ್ಗವಾಗಿದ್ದುದರಿಂದ ಬಹುಪಾಲು ಮನೆಗಳನ್ನು ಬೆಚ್ಚಗಿಡುತ್ತಿದ್ದುದೂ ವಿದ್ಯುತ್ತೇ. ದೀಪ ಹೋದರೆ ಒಲೆಯೂ ಹೋಯಿತು, ಹೊರಗೆ ಶೂನ್ಯಕ್ಕಿಂತ ಕೆಳಗಿನ ಚಳಿ.

ಗೋಪುರಗಳು ಒಂದೊಂದಾಗಿ ಬೀಳಲಿಲ್ಲ, ಸಾಲಾಗಿ ಬಿದ್ದವು. ಸಾಲಿನ ನಡುವಿನ ಗೋಪುರವನ್ನು ಎರಡೂ ಬದಿಯ ತಂತಿಗಳು ಸಮನಾಗಿ ಎಳೆದಿರುತ್ತವೆ. ಅದು ಮುಖ್ಯವಾಗಿ ಭಾರ ಹೊರಲು ಕಟ್ಟಿದ್ದು, ಉದ್ದಕ್ಕೆ ಬರುವ ಒಮ್ಮುಖದ ಸೆಳೆತವನ್ನು ತಡೆಯಲು ಅಲ್ಲ. ಪಕ್ಕದ ಗೋಪುರ ಕುಸಿದ ಕ್ಷಣ ಸಮತೋಲ ತಪ್ಪುತ್ತದೆ. ಇದೂ ಬೀಳುತ್ತದೆ, ಮುಂದಿನದನ್ನು ಎಳೆಯುತ್ತದೆ. ಹೀಗೆ ಸುಮಾರು ಸಾವಿರ ಉಕ್ಕಿನ ಗೋಪುರಗಳೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮರದ ಕಂಬಗಳೂ ನೆಲಕಚ್ಚಿದವು. ಕ್ವಿಬೆಕ್ ಒಂದರಲ್ಲೇ ಸುಮಾರು 14 ಲಕ್ಷ ಸಂಪರ್ಕಗಳು, ಅಂದರೆ 30 ಲಕ್ಷಕ್ಕೂ ಹೆಚ್ಚು ಮಂದಿ, ವಿದ್ಯುತ್ ಕಳೆದುಕೊಂಡರು.

ಜನವರಿ 9, ಶುಕ್ರವಾರ, ಎಲ್ಲಕ್ಕಿಂತ ಕೆಟ್ಟ ದಿನ. ಮಾಂಟ್ರಿಯಲ್ ದ್ವೀಪಕ್ಕೆ ವಿದ್ಯುತ್ ತರುವ ಮಾರ್ಗಗಳು ಬಹುಮಟ್ಟಿಗೆ ತುಂಡಾಗಿದ್ದವು. ನಗರಕ್ಕೆ ಕುಡಿಯುವ ನೀರೊದಗಿಸುವ ಶುದ್ಧೀಕರಣ ಘಟಕಗಳೇ ನಿಂತುಹೋದವು. ಚಳಿಗೆ ಬೆಂಕಿ ಹಾಕಿಕೊಂಡಿರುವ ಮಹಾನಗರದಲ್ಲಿ ಬೆಂಕಿ ಆರಿಸಲು ನೀರಿಲ್ಲ! ಪಂಪುಗಳಿಗೆ ಮತ್ತೆ ವಿದ್ಯುತ್ ಒದಗಿಸುವಷ್ಟರಲ್ಲಿ ಹಲವು ಗಂಟೆಗಳು ಕಳೆದಿದ್ದವು. ನಗರ ಎಷ್ಟು ತೆಳುವಾದ ಎಳೆಯ ಮೇಲೆ ನೇತಾಡುತ್ತಿತ್ತು ಎಂಬುದು ಹೆಚ್ಚಿನ ನಾಗರಿಕರಿಗೆ ತಿಳಿದದ್ದು ಆಮೇಲೆ.

ನಗರಕ್ಕಿಂತ ಹೆಚ್ಚು ಕಾಲ ಬಳಲಿದ್ದು ಅದರ ದಕ್ಷಿಣದ ಕೃಷಿಪ್ರದೇಶ. ಸೇಂತ್-ಯಸೇಂತ್, ಗ್ರಾನ್ಬಿ, ಸೇಂ-ಜಾನ್-ಸ್ಯೂರ್-ರಿಶೆಲ್ಯು ಪಟ್ಟಣಗಳ ನಡುವಿನ ಭಾಗಕ್ಕೆ ‘ಕಪ್ಪು ತ್ರಿಕೋನ’ ಎಂಬ ಹೆಸರು ಬಂತು. ಅಲ್ಲಿ ಕೆಲವು ಮನೆಗಳಿಗೆ ದೀಪ ಮರಳಿದ್ದು ಒಂದು ತಿಂಗಳು ಕಳೆದ ಮೇಲೆ. ಯಂತ್ರದಿಂದ ಹಾಲು ಕರೆಯುವ ಹಟ್ಟಿಗಳಲ್ಲಿ ಹಸುಗಳ ಕೆಚ್ಚಲು ಬಾತುಕೊಂಡಿತು. ರೈತರು ಒಂದೇ ಜನರೇಟರನ್ನು ಹಟ್ಟಿಯಿಂದ ಹಟ್ಟಿಗೆ ಹೊತ್ತು ತಿರುಗಿದರು. ಕರೆದ ಹಾಲನ್ನೂ ಚೆಲ್ಲಬೇಕಾಯಿತು, ಏಕೆಂದರೆ ಡೇರಿಗಳೇ ಮುಚ್ಚಿದ್ದವು. ಬೂಷರ್‌ವಿಲ್ ಎಂಬ ಊರಿನಲ್ಲಿ ಡೀಸೆಲ್ ರೈಲು ಎಂಜಿನ್ನೊಂದನ್ನು ಹಳಿಯಿಂದ ಇಳಿಸಿ, ರಸ್ತೆಯ ಮೇಲೆ ಸುಮಾರು 300 ಮೀಟರ್ ಓಡಿಸಿ, ಅದರ ವಿದ್ಯುತ್ತನ್ನು ಪುರಭವನಕ್ಕೆ ಕೊಟ್ಟರು. ರಸ್ತೆಯ ಟಾರು ಕಿತ್ತುಹೋಯಿತು ಎಂದು ಯಾರೂ ದೂರಿರಲಾರರು.

ಕೆನಡದಲ್ಲಿ ಸತ್ತವರ ಸಂಖ್ಯೆ ಮೂವತ್ತರ ಆಸುಪಾಸು. ಇವರಲ್ಲಿ ಹಲವರು ಸತ್ತದ್ದು ಚಳಿಯಿಂದಲೂ ಅಲ್ಲ, ಬಿದ್ದ ಮಂಜಿನಿಂದಲೂ ಅಲ್ಲ. ಮುಚ್ಚಿದ ಮನೆಯೊಳಗೆ ಉರಿಸಿದ ಒಲೆ, ಜನರೇಟರುಗಳ ಕಾರ್ಬನ್ ಮೊನಾಕ್ಸೈಡಿನಿಂದ. ವಾಸನೆಯಿಲ್ಲದ ಈ ಅನಿಲದ ಬಗ್ಗೆ ನಮ್ಮಲ್ಲೂ ಎಚ್ಚರ ಸಾಲದು. ರಕ್ಷಣೆಗೆ ಇಳಿದ ಸೈನಿಕರು 15,000ಕ್ಕೂ ಹೆಚ್ಚು. ಆ ದಿನಗಳಲ್ಲಿ ಬಸುರಿಯರಾಗಿದ್ದ ಮಹಿಳೆಯರನ್ನೂ ಅವರ ಮಕ್ಕಳನ್ನೂ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸುಜಾನ್ ಕಿಂಗ್ ಮತ್ತು ಸಂಗಡಿಗರು ಬಹಳ ವರ್ಷ ಹಿಂಬಾಲಿಸಿ ಅಧ್ಯಯನ ಮಾಡಿದರು. ತಾಯಿ ಪಟ್ಟ ಪಾಡು ಹೆಚ್ಚಿದ್ದಷ್ಟೂ ಎಳೆಯ ಮಕ್ಕಳ ಭಾಷೆ ಮತ್ತು ಬುದ್ಧಿಯ ಬೆಳವಣಿಗೆಯಲ್ಲಿ ಅದರ ಗುರುತು ಕಾಣುತ್ತಿತ್ತು.

ಆಮೇಲೆ ವಿಚಾರಣೆ ನಡೆಯಿತು. ಎಂಜಿನಿಯರ್ ರೋಜೆ ನಿಕೊಲೆ ನೇತೃತ್ವದ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಆದರೆ ಸರ್ಕಾರ ಅಲ್ಲಿಯವರೆಗೆ ಕಾದಿರಲಿಲ್ಲ. ಇನ್ನೊಂದು ದಾರಿಯಿಂದಲೂ ವಿದ್ಯುತ್ ಬರಲೆಂದು ಹೊಸ 735 ಕಿಲೋವೋಲ್ಟ್ ಮಾರ್ಗಕ್ಕೆ, ಎಂದಿನ ಪರಿಸರ ವಿಚಾರಣೆಯನ್ನು ಬದಿಗಿಟ್ಟು, ಆದೇಶ ಹೊರಡಿಸಿತ್ತು. ಮಾರ್ಗ ಹಾಯುವ ಹಳ್ಳಿಗಳ ಜನ ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಸರ್ಕಾರ ಹೊಸ ಕಾನೂನನ್ನೇ ತಂದು ದಾರಿ ಮಾಡಿಕೊಂಡಿತು. ತಾಂತ್ರಿಕವಾಗಿ ಎರಡನೆಯ ದಾರಿ ಬೇಕಿತ್ತು, ನಿಜ. ಕತ್ತಲೆಯ ನೆನಪು ಹಸಿಯಾಗಿರುವಾಗ ಜನರ ಮಾತು ಕೇಳದೆ ಅದನ್ನು ಎಳೆಯಹೊರಟದ್ದು ಮಾತ್ರ ಒಪ್ಪುವಂಥದಲ್ಲ.

ಗೋಪುರಗಳ ಸಾಲಿನಲ್ಲಿ ಅಲ್ಲಲ್ಲಿ ಹೆಚ್ಚು ಗಟ್ಟಿಯಾದ ‘ತಡೆಗೋಪುರ’ಗಳನ್ನು ನಿಲ್ಲಿಸಿದರು. ಎರಡು ತಡೆಗೋಪುರಗಳ ನಡುವಿನವು ಬಿದ್ದರೂ ಕುಸಿತ ಮುಂದೆ ಹಬ್ಬದು. ಕ್ವಿಬೆಕ್ ನಗರದ ಬಳಿಯ ಲೆವಿ ಉಪಕೇಂದ್ರದಲ್ಲಿ ಮಂಜು ಕರಗಿಸುವ ಯಂತ್ರವನ್ನೇ ಸ್ಥಾಪಿಸಿದರು. ತತ್ತ್ವ ಸರಳ: ಮಾರ್ಗವನ್ನು ಸೇವೆಯಿಂದ ಬಿಡಿಸಿ, ಅದರಲ್ಲಿ ಭಾರೀ ಪ್ರಮಾಣದ ನೇರ ವಿದ್ಯುತ್ ಹರಿಸಿ ತಂತಿಯನ್ನು ಬಿಸಿ ಮಾಡುವುದು. ನೇರ ವಿದ್ಯುತ್ತೇ ಏಕೆ? ಪರ್ಯಾಯ ವಿದ್ಯುತ್ತಾದರೆ ಉದ್ದನೆಯ ಮಾರ್ಗದ ಪ್ರೇರಕತೆ ಅಡ್ಡಬರುತ್ತದೆ. ನೇರ ವಿದ್ಯುತ್ತಿಗೆ ತಂತಿಯ ರೋಧವೊಂದೇ ಎದುರು, ನಮಗೆ ಬೇಕಾದ ಶಾಖ ಹುಟ್ಟುವುದೂ ಅಲ್ಲಿಯೇ.

2023ರ ಏಪ್ರಿಲ್ 5ರಂದು ಹೆಪ್ಪುಮಳೆ ಮತ್ತೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿದವು. ಈ ಬಾರಿ ದೊಡ್ಡ ಗೋಪುರಗಳು ನಿಂತೇ ಇದ್ದವು. ಮಂಜು ಹೊತ್ತ ಮರಗಳು ಬೀದಿಯ ತಂತಿಗಳ ಮೇಲೆ ಮುರಿದುಬಿದ್ದಿದ್ದವು.