ಬೆಳಗ್ಗೆ ಆಪರೇಷನ್, ಸಂಜೆ ಮನೆಗೆ: ಅರಿವಳಿಕೆಗೆ ಮುನ್ನ ನಮ್ಮ ಮನೆಗಳಲ್ಲಿ ಗಮನಿಸಬೇಕಾದದ್ದು

ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿಯಂತಹ ಎಷ್ಟೋ ಆಪರೇಷನ್‌ಗಳನ್ನು ಈಗ ಬೆಳಗ್ಗೆ ಮಾಡಿ ಸಂಜೆಗೆ ಮನೆಗೆ ಕಳಿಸುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮವರು ಇದಕ್ಕೆ ಹೆಚ್ಚಾಗಿ ಮೈಸೂರಿಗೆ ಹೋಗುತ್ತಾರೆ. ಅವರ ಜೊತೆ ಓಡಾಡುವಾಗ ನಾನು ಹೆಚ್ಚು ಗೊಂದಲ ಕಂಡದ್ದು ಉಪವಾಸದ ವಿಷಯದಲ್ಲಿ. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂಬ ಮಾತಿಗೆ ಆಸ್ಪತ್ರೆಯಲ್ಲಿ ಒಂದು ಅರ್ಥ, ನಮ್ಮ ಮನೆಗಳಲ್ಲಿ ಇನ್ನೊಂದು.

ಆಸ್ಪತ್ರೆಯವರ ಕಾರಣ ಇಷ್ಟು. ಅರಿವಳಿಕೆ ಕೊಟ್ಟಾಗ ಗಂಟಲಿನ ಎಚ್ಚರ ತಪ್ಪುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಾಗಾಗಿ ಹಗುರ ಊಟಕ್ಕೂ ಅರಿವಳಿಕೆಗೂ ನಡುವೆ 6 ಗಂಟೆ, ಎಣ್ಣೆ ತುಪ್ಪದ ಊಟವಾದರೆ 8 ಗಂಟೆ ಇರಬೇಕು. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಹಾಲು, ಮಜ್ಜಿಗೆ, ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದು ಹೋಗಿ, ಆಪರೇಷನ್ ಮುಂದಕ್ಕೆ ಹೋಗಿ, ವಾಪಸ್ ಬಂದವರನ್ನು ನೋಡಿದ್ದೇನೆ. ಕಣ್ಣಿಗೆ ಬರೀ ಡ್ರಾಪ್ಸ್ ಹಾಕಿ ಮಾಡುವ ಪೊರೆ ಆಪರೇಷನ್‌ಗೆ ಕೆಲವು ಕಡೆ ಹಗುರ ತಿಂಡಿಗೆ ಬಿಡುತ್ತಾರೆ. ಯಾವುದು ನಿಮಗೆ ಅನ್ವಯ ಎಂಬುದನ್ನು ಬಾಯಿಮಾತಲ್ಲಿ ಕೇಳಿಕೊಂಡು ಬರದೆ, ಗಂಟೆ ಹಾಕಿ ಚೀಟಿಯಲ್ಲಿ ಬರೆಸಿಕೊಳ್ಳಿ.

ನಮ್ಮ ತೊಂದರೆ ಇದಕ್ಕೆ ತಿರುಗುಮುರುಗು. ಚೌವಿಹಾರ ಮಾಡುವ ಹಿರಿಯರು ಸಂಜೆ ಆರಕ್ಕೇ ಊಟ, ನೀರು ಎರಡನ್ನೂ ಮುಗಿಸುತ್ತಾರೆ. ಬೆಳಗ್ಗೆ 8ಕ್ಕೆ ಆಪರೇಷನ್ ಎಂದರೆ 14 ಗಂಟೆ ಹನಿ ನೀರಿಲ್ಲ. ವಯಸ್ಸಾದವರಿಗೆ ಬಿಪಿ ಇಳಿಯುತ್ತದೆ, ತಲೆನೋವು ಬರುತ್ತದೆ, ಸೂಜಿ ಹಾಕಲು ನರ ಸಿಗುವುದಿಲ್ಲ. ಅರಿವಳಿಕೆ ತಜ್ಞರಿಗೆ ಇದನ್ನು ಮೊದಲೇ ಹೇಳಿ, ಸಾಧ್ಯವಿದ್ದರೆ 10 ಗಂಟೆಯ ಸರದಿ ಕೇಳಿ. ನವಕಾರಶಿ ಮಾಡುವವರಿಗೂ ಸೂರ್ಯೋದಯದ ನಂತರ 48 ನಿಮಿಷ ಕಳೆದು ಏಳು ಏಳೂವರೆಗೆ ಕಾಯಿಸಿದ ನೀರು ಕುಡಿಯಲು ಆಗ ಸಮಯ ಸಿಗುತ್ತದೆ. ಸಕ್ಕರೆ ಕಾಯಿಲೆಯವರನ್ನು ಮಾತ್ರ ಹೆಚ್ಚಾಗಿ ಮೊದಲ ಸರದಿಗೇ ಕರೆಯುತ್ತಾರೆ, ಅವರು ಹಟ ಮಾಡಬಾರದು. ಪಚ್ಚಕ್ಖಾಣದ ಪಾಠದಲ್ಲೇ ಆಗಾರಗಳಿವೆ. ಮನಸ್ಸಿಗೆ ಸಂಶಯವಿದ್ದರೆ ಮಹಾರಾಜರನ್ನು ಮೊದಲೇ ಕೇಳಿಕೊಳ್ಳಿ. ಪರ್ಯೂಷಣ, ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸ ಹಿಡಿಯುವವರು, ಅವಸರವಿಲ್ಲದ ಆಪರೇಷನ್ ಅನ್ನು ಪಾರಣೆಯಾಗಿ ದೇಹ ಚೇತರಿಸಿಕೊಂಡ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಮಾತ್ರೆಗಳ ವಿಷಯ ಇನ್ನೂ ಮುಖ್ಯ. ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್‌ಗಳನ್ನೇ ಒಂದು ಕವರಿಗೆ ಹಾಕಿ ಒಯ್ಯಿರಿ, ಆಯುರ್ವೇದದ್ದೂ ಸೇರಿ. ಬಿಪಿ ಮಾತ್ರೆಗಳಲ್ಲಿ ಹಲವನ್ನು ಅಂದು ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. ಸಕ್ಕರೆ ಮಾತ್ರೆ, ಇನ್ಸುಲಿನ್ ಹಾಗಲ್ಲ, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರಾ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಿಸುತ್ತಾರೆ. ಉಪವಾಸದ ಜೊತೆ ಇವು ಸೇರಿದರೆ ರಕ್ತ ಆಮ್ಲಗೊಳ್ಳುವ ಅಪಾಯವಿದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ಹೃದಯದ ವೈದ್ಯರನ್ನು ಕೇಳಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ, ಹಿಂದೆ ತೆಗೆದುಕೊಂಡಿದ್ದ ಗಂಡಸರು ಅದನ್ನು ಕಣ್ಣಿನ ಸರ್ಜನ್‌ಗೆ ಹೇಳಲೇಬೇಕು. ಆ ಔಷಧಿಯಿಂದ ಕಣ್ಣಿನ ಪಾಪೆ ಆಪರೇಷನ್ ನಡುವೆ ಸಡಿಲವಾಗುತ್ತದೆ.

ಅಹಿಂಸೆಯ ದೃಷ್ಟಿಯಿಂದ ಹಲವರು ಕೇಳುವ ಪ್ರಶ್ನೆ ಒಂದಿದೆ. ನಿದ್ರೆ ಬರಿಸಲು ಬಳಸುವ ಪ್ರೊಪೊಫಾಲ್ ಎಂಬ ಹಾಲಿನ ಬಣ್ಣದ ಇಂಜೆಕ್ಷನ್‌ನಲ್ಲಿ ಸೋಯಾ ಎಣ್ಣೆಯ ಜೊತೆ ಮೊಟ್ಟೆಯ ಲೆಸಿಥಿನ್ ಇರುತ್ತದೆ. ಕ್ಯಾಟ್‌ಗಟ್ ಹೊಲಿಗೆ ದಾರ ಕುರಿ ಅಥವಾ ದನದ ಕರುಳಿನದು, ಅದರ ಬದಲು ಪಾಲಿಗ್ಲ್ಯಾಕ್ಟಿನ್‌ನಂತಹ ಕೃತಕ ದಾರ ಸಿಗುತ್ತದೆ. ಕ್ಯಾಪ್ಸೂಲ್ ಹೊರಕವಚ ಹೆಚ್ಚಾಗಿ ಜೆಲಾಟಿನ್. ಬೇರೆ ದಾರಿ ಇದೆಯೇ ಎಂದು ಮುಂಚಿನ ತಪಾಸಣೆಯ ದಿನವೇ ಕೇಳಿ, ಆಪರೇಷನ್ ಟೇಬಲ್ ಮೇಲೆ ಮಲಗಿ ಅಲ್ಲ. ಇದಕ್ಕಿಂತ ಸುರಕ್ಷಿತವಾದದ್ದು ನಿಮಗಿಲ್ಲ ಎಂದು ವೈದ್ಯರು ಹೇಳಿದರೆ, ನನ್ನ ಅಭಿಪ್ರಾಯದಲ್ಲಿ ಅವರ ಮಾತೇ ನಡೆಯಬೇಕು.

ವಿಮೆಯವರು ಡೇ ಕೇರ್‌ಗೂ ಓಪಿಡಿಗೂ ವ್ಯತ್ಯಾಸ ಮಾಡುತ್ತಾರೆ, ಪಾಲಿಸಿ ನೋಡಿ ಮುಂಚೆಯೇ ಅನುಮತಿ ಪಡೆಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವವರು ರೆಫರಲ್ ಚೀಟಿ ಬೇಕೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಪ್ರಯಾಣವನ್ನು ಹಗುರವಾಗಿ ಎಣಿಸಬೇಡಿ. ಕೆ.ಆರ್. ನಗರಕ್ಕೆ ರೈಲಿದೆ, ಉಳಿದ ಮೂರು ಊರಿನವರಿಗೆ ರಸ್ತೆಯೇ ಗತಿ. ಪಿರಿಯಾಪಟ್ಟಣದಿಂದ ಸುಮಾರು 70 ಕಿ.ಮೀ. ಮುಂಜಾನೆಯ ಸರದಿಯಾದರೆ ಹಿಂದಿನ ರಾತ್ರಿ ಮೈಸೂರಿನ ನೆಂಟರ ಮನೆಯಲ್ಲಿ ತಂಗುವುದು ವಾಸಿ. ಜೊತೆಗೆ ಒಬ್ಬರು ದೊಡ್ಡವರು ಇರಲೇಬೇಕು, ರಾತ್ರಿಯೂ ಅವರೇ ಪಕ್ಕದಲ್ಲಿರಬೇಕು. ನಿದ್ರೆಯ ಔಷಧಿ ಕೊಟ್ಟಿದ್ದರೆ 24 ಗಂಟೆ ಸ್ಕೂಟರ್ ಓಡಿಸಬಾರದು. ನಮ್ಮ ವ್ಯಾಪಾರಸ್ಥರು ಅಂಗಡಿಗೆ ಹೋಗಿ ಚೆಕ್‌ಗೆ ಸಹಿ ಹಾಕುವುದೂ ಬೇಡ, ಗಲ್ಲಾ ಒಂದು ದಿನ ಮಗನ ಕೈಲಿರಲಿ.

ಡಿಸ್ಚಾರ್ಜ್ ಚೀಟಿ ಬರೆಯುವಾಗಲೇ "ರಾತ್ರಿ ಮಾತ್ರೆ ನುಂಗುವುದಿಲ್ಲ, ಸೂರ್ಯಾಸ್ತದೊಳಗೆ ಹೊಂದಿಸಿ ಕೊಡಿ" ಎಂದು ಕೇಳಿ, ಎಷ್ಟೋ ಔಷಧಿಗಳಿಗೆ ಅದು ಆಗುತ್ತದೆ. ಆಗದಿದ್ದನ್ನು ಸುಮ್ಮನೆ ಬಿಡಬೇಡಿ, ವೈದ್ಯರಿಗೆ ತಿಳಿಸಿ. ಆಸ್ಪತ್ರೆಯ ರಾತ್ರಿ ಫೋನ್ ನಂಬರ್ ಬರೆದುಕೊಂಡೇ ಹೊರಡಿ. ರಕ್ತ ನಿಲ್ಲದಿದ್ದರೆ, ವಾಂತಿ ಬಿಡದಿದ್ದರೆ, ಮೂತ್ರ ಕಟ್ಟಿದರೆ, ಆಪರೇಷನ್ ಆದ ಕಣ್ಣಿನಲ್ಲಿ ನೋವು ಹೆಚ್ಚಿ ದೃಷ್ಟಿ ಮಂಜಾದರೆ ಬೆಳಗಾಗಲಿ ಎಂದು ಕಾಯದೆ ಆ ನಂಬರಿಗೆ ಫೋನ್ ಮಾಡಿ. ಉಸಿರಾಟ ಕಷ್ಟವಾದರೆ ನೇರ 108ಕ್ಕೆ ಕರೆ ಮಾಡಿ.