ನೀತ್ಶೆಯ ಪಿಯಾನೊ ಕೃತಿಗಳು: ಹಸ್ತಪ್ರತಿಯಿಂದ ಧ್ವನಿಮುದ್ರಿಕೆಗೆ

ಜರ್ಮನ್ ತತ್ವಜ್ಞಾನಿ ಫ್ರೀಡ್ರಿಕ್ ನೀತ್ಶೆ (1844–1900) ಸಂಗೀತವನ್ನು ಕುರಿತು ಬರೆದದ್ದು ಬಹಳ. 1872ರ ತನ್ನ ಮೊದಲ ಪುಸ್ತಕದಲ್ಲಿ ಗ್ರೀಕ್ ದುರಂತ ನಾಟಕದ ಹುಟ್ಟನ್ನು ಆತ ಸಂಗೀತದಲ್ಲಿ ಕಂಡ. ಬರವಣಿಗೆಯ ಕೊನೆಯ ವರ್ಷವಾದ 1888ರಲ್ಲಿ ಸಂಯೋಜಕ ವಾಗ್ನರನನ್ನು ಖಂಡಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಇದೇ ನೀತ್ಶೆ ಪಿಯಾನೊ ಕೃತಿಗಳನ್ನೂ ಹಾಡುಗಳನ್ನೂ ಸ್ವತಃ ರಚಿಸಿದ್ದ ಎಂಬ ಸಂಗತಿ ಮಾತ್ರ ಜೀವನಚರಿತ್ರೆಗಳ ಮೂಲೆಯಲ್ಲೇ ಉಳಿದುಬಂದಿದೆ. ಅದನ್ನು ಉಲ್ಲೇಖಿಸಿದವರು ಸಾಮಾನ್ಯವಾಗಿ ಒಂದು ತೀರ್ಪನ್ನೂ ಜೊತೆಗೆ ಸೇರಿಸುತ್ತಾರೆ: ಆತ ವಾಗ್ನರನ ಮೋಡಿಗೆ ಸಿಕ್ಕ ಹವ್ಯಾಸಿ, ಆತನ ಸಂಗೀತ ಕೇಳತಕ್ಕದ್ದಲ್ಲ.

ಈ ತೀರ್ಪು ಹುಟ್ಟಿದ ಕಾಲದಲ್ಲಿ ಆ ಸಂಗೀತವನ್ನು ನಿಜವಾಗಿ ಕೇಳಿದ್ದವರು ಕೆಲವೇ ಮಂದಿ. 1976ರಲ್ಲಿ ಸಮಗ್ರ ಸ್ವರಲಿಪಿ ಅಚ್ಚಾಗಿ, 1990ರ ದಶಕದಿಂದ ಧ್ವನಿಮುದ್ರಿಕೆಗಳು ಹೊರಬಂದ ಮೇಲೆ ಅದನ್ನು ಒರೆಗೆ ಹಚ್ಚುವುದು ಸಾಧ್ಯವಾಗಿದೆ. ಈ ಧ್ವನಿಮುದ್ರಿಕೆಗಳನ್ನು ಸಂಶೋಧನೆಯ ಆಕರಗಳೆಂದೇ ಪರಿಗಣಿಸಬೇಕು ಎಂಬುದು ಈ ಲೇಖನದ ವಾದ. ಕೃತಿಗಳನ್ನು ಕಾಲಾನುಕ್ರಮದಲ್ಲಿ ಕೇಳಿದಾಗ, ವಾಗ್ನರನ ಅನುಕರಣೆ ಎಂದು ತಳ್ಳಿಹಾಕಿದ ಸಂಗೀತದ ಬೇರು ವಾಗ್ನರನ ಪರಿಚಯಕ್ಕಿಂತ ಹಿಂದಿನದು ಎಂದು ತಿಳಿಯುತ್ತದೆ.

ನೌಮ್‌ಬುರ್ಗ್‌ನ ಹುಡುಗ

ನೀತ್ಶೆಯ ತಂದೆ ರೋಕನ್ ಎಂಬ ಹಳ್ಳಿಯ ಲೂಥರನ್ ಪಾದ್ರಿ. ಪಿಯಾನೊ ಮುಂದೆ ಕೂತು ಆಶುವಾಗಿ ನುಡಿಸುವುದರಲ್ಲಿ ಹೆಸರಾಗಿದ್ದವನು. 1849ರಲ್ಲಿ ಆತ ತೀರಿಕೊಂಡ ಮೇಲೆ ಕುಟುಂಬ ನೌಮ್‌ಬುರ್ಗ್‌ಗೆ ಬಂದು ನೆಲೆಸಿತು. ಅಲ್ಲಿ ತಾಯಿ ಫ್ರಾನ್ಸಿಸ್ಕಾ ಮಗನಿಗೆ ಪಿಯಾನೊ ಕಲಿಸುವ ಏರ್ಪಾಡು ಮಾಡಿದಳು. ನಗರದ ಚರ್ಚಿನಲ್ಲಿ ಹ್ಯಾಂಡಲನ 'ಮೆಸಾಯ'ದ ಹಲ್ಲೆಲೂಯ ಮೇಳಗಾನ ಕೇಳಿ ತಾನೂ ಅಂಥದ್ದನ್ನು ರಚಿಸಬೇಕು ಎನಿಸಿತೆಂದು ನೀತ್ಶೆ 1858ರಲ್ಲಿ, ಹದಿಮೂರರ ಪ್ರಾಯದಲ್ಲಿ, ತನ್ನ ಬಾಲ್ಯವನ್ನು ಕುರಿತು ಬರೆದ ಟಿಪ್ಪಣಿಗಳಲ್ಲಿ ಹೇಳಿಕೊಂಡಿದ್ದಾನೆ.

1860ರಲ್ಲಿ ಗೆಳೆಯರಾದ ಗುಸ್ತಾಫ್ ಕ್ರುಗ್ ಮತ್ತು ವಿಲ್‌ಹೆಲ್ಮ್ ಪಿಂಡರ್ ಜೊತೆಗೂಡಿ ಆತ 'ಗೆರ್ಮಾನಿಯಾ' ಎಂಬ ಪುಟ್ಟ ಸಂಘ ಕಟ್ಟಿದ. ಪ್ರತಿ ಸದಸ್ಯನೂ ತಿಂಗಳಿಗೊಂದು ಪ್ರಬಂಧವನ್ನೋ ಕವಿತೆಯನ್ನೋ ಸಂಗೀತ ಕೃತಿಯನ್ನೋ ಒಪ್ಪಿಸಬೇಕು, ಉಳಿದವರು ಅದನ್ನು ವಿಮರ್ಶಿಸಬೇಕು ಎಂಬುದು ಅದರ ಕಟ್ಟಳೆ. ನೀತ್ಶೆಯ ಆರಂಭದ ರಚನೆಗಳಲ್ಲಿ ಹಲವು ಈ ಶಿಸ್ತಿನಲ್ಲಿ ಬಂದವು. ಅಪೂರ್ಣವಾಗಿ ಉಳಿದ ಕ್ರಿಸ್‌ಮಸ್ ಒರಟೋರಿಯೊ (ಧಾರ್ಮಿಕ ಮೇಳಗಾನ ಕೃತಿ), ನಾಲ್ಕನೇ ಶತಮಾನದ ಗೋಥ್ ದೊರೆಯೊಬ್ಬನ ಕಥೆಯನ್ನು ಆಧರಿಸಿದ 'ಎರ್ಮಾನರಿಖ್' (1861), 'ಹೆಲ್ಡನ್‌ಕ್ಲಾಗೆ' ಅಂದರೆ ವೀರನ ಶೋಕ (1862), ಅದೇ ವರ್ಷದ 'ಹಂಗೇರಿಯನ್ ಮಾರ್ಚ್' ಈ ಸಾಲಿಗೆ ಸೇರುತ್ತವೆ. ಪೆಟೋಫಿ, ಚಾಮಿಸ್ಸೊ, ಪುಷ್ಕಿನ್ ಮುಂತಾದವರ ಕವಿತೆಗಳಿಗೆ ರಾಗ ಹಾಕಿದ್ದೂ 1860ರ ದಶಕದ ಮೊದಲರ್ಧದಲ್ಲೇ.

ಈ ಕೃತಿಗಳ ಶೈಲಿಯಲ್ಲಿ ಎದ್ದು ಕೇಳುವುದು ಶುಮನ್, ಶೋಪ್ಯಾನ್ ಮತ್ತು ಲಿಸ್ಟ್. ಸಂಘದ ಗೆಳೆಯರು ವಾಗ್ನರನ 'ಟ್ರಿಸ್ಟಾನ್' ಸಂಗೀತನಾಟಕದ ಪಿಯಾನೊ ಸ್ವರಲಿಪಿಯನ್ನು ತರಿಸಿಕೊಂಡಿದ್ದರು ಎಂಬುದು ನಿಜ. ಆದರೆ ಆತನ ಧಾಟಿ ಈ ಪಿಯಾನೊ ಕೃತಿಗಳಲ್ಲಿ ಇನ್ನೂ ಕೇಳಿಸುವುದಿಲ್ಲ. ನೀತ್ಶೆ ವಾಗ್ನರನನ್ನು ಮುಖತಃ ಕಂಡದ್ದು 1868ರ ನವೆಂಬರ್‌ನಲ್ಲಿ, ಲೈಪ್‌ಜಿಗ್‌ನಲ್ಲಿ. ಅಷ್ಟರೊಳಗೆ ನೀತ್ಶೆಯ ರಚನೆಗಳಲ್ಲಿ ಬಹುಪಾಲು ಮುಗಿದಿದ್ದವು.

ಆತನ ವಾದನದ ಸ್ವರೂಪ ತಿಳಿಯಲು ನಮಗಿರುವ ಆಧಾರ ಕೇಳಿದವರ ನೆನಪು ಮಾತ್ರ. ಷುಲ್‌ಫೋರ್ಟಾ ವಸತಿಶಾಲೆಯ ಸಹಪಾಠಿ ಕಾರ್ಲ್ ಫಾನ್ ಗೆರ್ಸ್‌ಡಾರ್ಫ್, ಸಂಜೆ ಸಂಗೀತದ ಕೋಣೆಯಲ್ಲಿ ನೀತ್ಶೆ ಆಶುವಾಗಿ ನುಡಿಸುತ್ತಿದ್ದುದನ್ನು ನೆನೆದು, ಬೀಥೋವನ್ನನೂ ಅದಕ್ಕಿಂತ ಮನಕಲಕುವಂತೆ ನುಡಿಸಿರಲಾರ ಎಂಬ ಅರ್ಥದ ಮಾತನ್ನಾಡಿದ್ದಾನೆ. ಗೆಳೆತನದ ಉತ್ಪ್ರೇಕ್ಷೆಯನ್ನು ಕಳೆದರೂ ಒಂದು ಮುಖ್ಯ ಸಂಗತಿ ಉಳಿಯುತ್ತದೆ. ನಮ್ಮಲ್ಲಿ ಮನೋಧರ್ಮ ಸಂಗೀತ ಎನ್ನುವುದಕ್ಕೆ ಹತ್ತಿರವಾದ ವಾದನ ಆತನದು. ಕಾಗದದ ಮೇಲಿರುವುದು ಅದರ ಒಂದು ಪಾಲು ಮಾತ್ರ. ಎಡಿಸನ್ನನ ಫೋನೋಗ್ರಾಫ್ 1877ರಲ್ಲೇ ಬಂದಿದ್ದರೂ ನೀತ್ಶೆಯ ವಾದನದ ಮುದ್ರಣವೇನೂ ಉಳಿದಿಲ್ಲ.

ಬ್ಯೂಲೋನ ಪತ್ರ

1869ರಲ್ಲಿ, 24ರ ಹರೆಯದಲ್ಲಿ, ನೀತ್ಶೆ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ವಾಗ್ನರ್ ಆಗ ಲುಜರ್ನ್ ಬಳಿಯ ಟ್ರಿಬ್ಶೆನ್‌ನಲ್ಲಿದ್ದ. ನೀತ್ಶೆ ಆ ಮನೆಗೆ ಆಪ್ತನಾದ. 1871ರ ಡಿಸೆಂಬರ್‌ನಲ್ಲಿ ವಾಗ್ನರನ ಹೆಂಡತಿ ಕೋಸಿಮಾಳ ಹುಟ್ಟುಹಬ್ಬಕ್ಕೆ ಆತ ಕಳಿಸಿದ ಕಾಣಿಕೆ ಒಂದು ಪಿಯಾನೊ ಕೃತಿ. ಅದನ್ನು ನಾಲ್ಕು ಕೈಗಳಿಗೆ, ಅಂದರೆ ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನುಡಿಸಲು, ಬರೆಯಲಾಗಿತ್ತು. ವರ್ಷದ ಕೊನೆಯ ಇರುಳಿನ ಅನುರಣನ ಎಂಬರ್ಥದ ಹೆಸರಿನ ಆ ಕೃತಿಯಲ್ಲಿ ಮೆರವಣಿಗೆಯ ಹಾಡು, ರೈತರ ಕುಣಿತ, ಗಂಟೆಗಳ ನಾದ ಎಲ್ಲವೂ ಇವೆ. ಮರುವರ್ಷ ಬೈರನ್ನನ ಕಾವ್ಯನಾಟಕದಿಂದ ಪ್ರೇರಿತವಾದ 'ಮ್ಯಾನ್‌ಫ್ರೆಡ್ ಧ್ಯಾನ' ಬಂತು. ಅದೂ ನಾಲ್ಕು ಕೈಗಳಿಗೇ.

'ಟ್ರಿಸ್ಟಾನ್'ನ ಮೊದಲ ಪ್ರದರ್ಶನವನ್ನು 1865ರಲ್ಲಿ ಮ್ಯೂನಿಕ್‌ನಲ್ಲಿ ನಿರ್ದೇಶಿಸಿದವನು ಹಾನ್ಸ್ ಫಾನ್ ಬ್ಯೂಲೋ. 1872ರ ಜುಲೈನಲ್ಲಿ ನೀತ್ಶೆ 'ಮ್ಯಾನ್‌ಫ್ರೆಡ್ ಧ್ಯಾನ'ವನ್ನು ಆತನಿಗೆ ಕಳಿಸಿದ. ಜುಲೈ 24ರ ಉತ್ತರದಲ್ಲಿ ಬ್ಯೂಲೋ ಯಾವ ದಾಕ್ಷಿಣ್ಯವನ್ನೂ ತೋರಲಿಲ್ಲ. ಸ್ವರಸಂಯೋಜನೆಯ ನಿಯಮಗಳನ್ನು ಗಾಳಿಗೆ ತೂರಿದ, ಕಡಿವಾಣವಿಲ್ಲದ ಕಲ್ಪನೆ ಇದು ಎಂದು ಬರೆದು, ಇದನ್ನು ತಮಾಷೆಗಾಗಿ ರಚಿಸಿದ್ದೇ ಎಂದೂ ಕೇಳಿದ. ಸಂಗೀತ ದೇವತೆಯ ಮೇಲಿನ ಅತ್ಯಾಚಾರ ಎಂದೂ ಜರಿದ. ನೀತ್ಶೆ ತಿಂಗಳುಗಳ ಬಳಿಕ, ಅಕ್ಟೋಬರ್‌ನಲ್ಲಿ, ವಿನಯದಿಂದ ಉತ್ತರಿಸಿದ. ಅನಂತರದ ಬರಹಗಾರರು ಬ್ಯೂಲೋನ ಪತ್ರವನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. ಒಂದು ಕೃತಿಯ ಮೇಲೆ ಬಂದ ಮಾತು ಇಡೀ ರಚನೆಗಳ ಮೇಲಿನ ತೀರ್ಪಾಗಿ ಬೆಳೆಯಿತು.

ಅಚ್ಚಿಗೆ ಬಂದ ಬಗೆ

ನೀತ್ಶೆ ತನ್ನ ಜೀವಿತಕಾಲದಲ್ಲಿ ಪ್ರಕಟಿಸಿದ ಸಂಗೀತ ಕೃತಿ ಒಂದೇ: 1887ರಲ್ಲಿ ಲೈಪ್‌ಜಿಗ್‌ನ ಫ್ರಿಚ್ ಪ್ರಕಾಶನ ಹೊರತಂದ 'ಜೀವನಸ್ತೋತ್ರ'. 1924ರಲ್ಲಿ ಗೇಯೊರ್ಗ್ ಗೋಲರ್ ಸಂಪಾದಿಸಿದ ಹಾಡುಗಳ ಸಂಪುಟ ಬಂತು. ಉಳಿದ ರಚನೆಗಳು ಹಸ್ತಪ್ರತಿಗಳಲ್ಲೇ ಇದ್ದವು. ಅವು ಇಂದು ವೈಮಾರ್‌ನ ಗ್ಯೋಥೆ–ಶಿಲರ್ ಸಂಗ್ರಹಾಲಯದಲ್ಲಿವೆ.

ಈ ಕೊರತೆಯನ್ನು ತುಂಬಿದವರು ಬಾಸೆಲ್‌ನ ವಾದ್ಯಮೇಳದ ಕಲಾವಿದ ಕುರ್ಟ್ ಪಾಲ್ ಯಾನ್ಸ್. ನೀತ್ಶೆಯ ಮೂರು ಸಂಪುಟಗಳ ಜೀವನಚರಿತ್ರೆ ಬರೆದವರೂ ಇವರೇ. ಇವರು ಸಂಪಾದಿಸಿದ ಸಮಗ್ರ ಸಂಗೀತ ಸಂಪುಟವನ್ನು ಬೇರೆನ್‌ರೈಟರ್ ಸಂಸ್ಥೆ 1976ರಲ್ಲಿ ಪ್ರಕಟಿಸಿತು. ಮುಗಿದ ಕೃತಿಗಳ ಜೊತೆಗೆ ತುಣುಕುಗಳನ್ನೂ ಕಾಲಾನುಕ್ರಮದಲ್ಲಿ ಜೋಡಿಸಿದ್ದು ಈ ಸಂಪುಟದ ಹಿರಿಮೆ. ಮುಂದಿನ ಧ್ವನಿಮುದ್ರಣಗಳಿಗೆ ಇದೇ ನೆಲೆಗಟ್ಟಾಯಿತು.

ಧ್ವನಿಮುದ್ರಿಕೆಗಳು ತೆರೆದ ದಾರಿ

1990ರ ದಶಕದ ಆರಂಭದಲ್ಲಿ ಅಮೆರಿಕದ ಪಿಯಾನೊ ವಾದಕ ಜಾನ್ ಬೆಲ್ ಯಂಗ್ ನ್ಯೂಪೋರ್ಟ್ ಕ್ಲಾಸಿಕ್ ಸಂಸ್ಥೆಗಾಗಿ ನೀತ್ಶೆಯ ಪಿಯಾನೊ ಕೃತಿಗಳನ್ನು ನುಡಿಸಿದರು. ನಾಲ್ಕು ಕೈಗಳ ಕೃತಿಗಳಲ್ಲಿ ಕಾನ್‌ಸ್ಟನ್ಸ್ ಕೀನ್ ಜೊತೆಗಿದ್ದರು. ಜರ್ಮನ್ ಗಾಯನದ ಮೇರು ಡೀಟ್ರಿಖ್ ಫಿಷರ್-ಡೀಸ್ಕೌ ಫಿಲಿಪ್ಸ್ ಸಂಸ್ಥೆಗಾಗಿ ನೀತ್ಶೆಯ ಹಾಡುಗಳನ್ನು ಹಾಡಿದರು. ಪಿಯಾನೊ ಭಾಗಗಳನ್ನು ಆರಿಬರ್ಟ್ ರೈಮಾನ್ ಮತ್ತು ಎಲ್ಮಾರ್ ಬುಡ್ಡೆ ವಹಿಸಿಕೊಂಡರು. ಮಾಂಟ್ರಿಯಲ್‌ನ ಕಾಂಕಾರ್ಡಿಯ ವಿಶ್ವವಿದ್ಯಾಲಯದ ಕಲಾವಿದರ ತಂಡ ಯೌವನದ ಕೃತಿಗಳಿಗೊಂದು, ಪ್ರೌಢಕಾಲದ ಕೃತಿಗಳಿಗೊಂದು ಎಂದು ಎರಡು ಭಾಗಗಳನ್ನು ಆಲ್ಬನಿ ರೆಕಾರ್ಡ್ಸ್ ಮೂಲಕ ಹೊರತಂದಿತು. ಈ ಶತಮಾನದಲ್ಲಿ ಮಿಖಾಯೆಲ್ ಕ್ರ್ಯೂಕರ್ ಮತ್ತು ಯರೂನ್ ಫಾನ್ ಫೇನ್ ಈ ಕೆಲಸವನ್ನು ಮುಂದುವರಿಸಿದ್ದಾರೆ.

ಇವುಗಳ ಮೊದಲ ಫಲ, ಕೃತಿಗಳ ನಡುವಣ ವಂಶಾವಳಿ ಕಿವಿಗೆ ನಿಲುಕಿದ್ದು. 1863–64ರಲ್ಲಿ ನೀತ್ಶೆ ಪಿಟೀಲು ಮತ್ತು ಪಿಯಾನೊಗೆಂದು ವರ್ಷದ ಕೊನೆಯ ಇರುಳನ್ನು ಕುರಿತು ಒಂದು ಕೃತಿ ರಚಿಸಿದ್ದ. 1871ರಲ್ಲಿ ಕೋಸಿಮಾಗೆ ಕಳಿಸಿದ ಕಾಣಿಕೆ ಅದನ್ನೇ ಬೆಳೆಸಿ ಬರೆದದ್ದು. ಆ ಕಾಣಿಕೆಯ ಸಾಮಗ್ರಿ 1872ರ 'ಮ್ಯಾನ್‌ಫ್ರೆಡ್ ಧ್ಯಾನ'ಕ್ಕೂ ಇಳಿಯಿತು. ಎಂದರೆ ಬ್ಯೂಲೋ ಖಂಡಿಸಿದ ಕೃತಿಯ ಮೂಲದ್ರವ್ಯ ವಾಗ್ನರನನ್ನು ಇನ್ನೂ ಕಂಡಿರದ ತರುಣನದು. ಮೂರನ್ನೂ ಒಂದರ ಹಿಂದೊಂದು ಕೇಳಿದವರಿಗೆ ಇದು ಸ್ಪಷ್ಟವಾಗುತ್ತದೆ. ಜೊತೆಗೆ, ಕೃತಿಯಿಂದ ಕೃತಿಗೆ ಬಂಧ ಸಡಿಲವಾಗುತ್ತ ಹೋದದ್ದೂ ತಿಳಿಯುತ್ತದೆ. ಬ್ಯೂಲೋನ ಆಕ್ಷೇಪದಲ್ಲಿ ಆ ಮಟ್ಟಿಗೆ ಹುರುಳಿದೆ.

ಎರಡನೆಯ ವಂಶಾವಳಿ ಇನ್ನೂ ಉದ್ದದ್ದು. 1870ರ ದಶಕದ ಮೊದಲ ವರ್ಷಗಳಲ್ಲಿ ಬರೆದ 'ಸ್ನೇಹಸ್ತೋತ್ರ'ದ ರಾಗಕ್ಕೆ 1882ರಲ್ಲಿ ನೀತ್ಶೆ ಗೆಳತಿ ಲೂ ಸಲೋಮೆಯ ಕವಿತೆಯನ್ನು ಹೊಂದಿಸಿದ. ಅದನ್ನೇ ಗೆಳೆಯ ಪೀಟರ್ ಗಾಸ್ಟ್ ಮೇಳಗಾನ ಮತ್ತು ವಾದ್ಯವೃಂದಕ್ಕೆ ಅಳವಡಿಸಿದಾಗ 1887ರ 'ಜೀವನಸ್ತೋತ್ರ' ಸಿದ್ಧವಾಯಿತು. ಮುಂದೊಂದು ದಿನ ಜನ ತನ್ನ ನೆನಪಿಗೆ ಇದನ್ನು ಹಾಡಬೇಕೆಂದು ನೀತ್ಶೆ ಆತ್ಮಕಥನದಲ್ಲಿ ಬರೆದುಕೊಂಡ. ತನ್ನ ಹಳೆಯ ಅಭಿಪ್ರಾಯಗಳನ್ನು ಒಂದೊಂದಾಗಿ ಕಳಚಿಹಾಕಿದ ಚಿಂತಕ ಒಂದು ರಾಗವನ್ನು ಮಾತ್ರ ಹದಿನೈದು ವರ್ಷ ಜತನದಿಂದ ಕಾಪಾಡಿಕೊಂಡಿದ್ದಾನೆ. ಆತನ ಜೀವನವನ್ನು ಅಭ್ಯಸಿಸುವವರು ಕಡೆಗಣಿಸಬಾರದ ಸಾಕ್ಷ್ಯವಿದು.

ಎರಡನೆಯ ಫಲ, ವಾದಕರ ಆಯ್ಕೆಗಳೇ ಪಾಠವಿಮರ್ಶೆಯ ಪ್ರಶ್ನೆಗಳಾದದ್ದು. 1871ರ ಒಂದು ಚಿಕ್ಕ ಕೃತಿಗೆ ನೀತ್ಶೆ ಇಟ್ಟ ಹೆಸರೇ ತುಣುಕು ಎಂಬರ್ಥದ್ದು. ಅದಕ್ಕೆ ಮುಕ್ತಾಯವಿಲ್ಲ; ಕೊನೆಯಲ್ಲಿ ವಿಷಾದಭಾವದಿಂದ ಮತ್ತೆ ಮೊದಲಿಂದ ನುಡಿಸಿ ಎಂಬ ಸೂಚನೆಯಿದೆ. ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಕೃತಿ ಮುಗಿಯುವುದೇ ಇಲ್ಲ. ಎಷ್ಟು ಆವರ್ತನೆ ನುಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ವಾದಕರೇ ತೀರ್ಮಾನಿಸಬೇಕು. ಹತ್ತು ವರ್ಷಗಳ ಬಳಿಕ, 1881ರ ಆಗಸ್ಟ್‌ನಲ್ಲಿ, ಸಿಲ್ಸ್ ಮರಿಯಾದಲ್ಲಿ ನೀತ್ಶೆಗೆ ಹೊಳೆದ ನಿತ್ಯ ಮರುಕಳಿಕೆಯ, ಅಂದರೆ ಎಲ್ಲವೂ ಇದ್ದಂತೆಯೇ ಮತ್ತೆ ಮತ್ತೆ ಮರಳುತ್ತದೆಂಬ, ತತ್ವಕ್ಕೂ ಇದಕ್ಕೂ ನೇರ ಸಂಬಂಧ ಕಲ್ಪಿಸುವುದು ದುಡುಕಾದೀತು. ಆದರೆ ಕೊನೆಯಿಲ್ಲದ ಆವರ್ತನೆ ಆತನಿಗೆ ವಿಚಾರವಾಗುವ ಮೊದಲೇ ಸ್ವರದ ಅನುಭವವಾಗಿತ್ತು ಎಂಬಷ್ಟನ್ನು ಈ ಕೃತಿ ಖಚಿತಪಡಿಸುತ್ತದೆ.

ತೀರ್ಮಾನ

ತತ್ವಜ್ಞಾನಿಗಳು ಸಂಗೀತ ರಚಿಸಿದ್ದು ಅಪರೂಪವಾದರೂ ಹೊಸತಲ್ಲ. ರೂಸೋ 1752ರಲ್ಲಿ ಗೀತನಾಟಕ ರಚಿಸಿದ; ಅಡೋರ್ನೊ ವಿಯೆನ್ನಾದಲ್ಲಿ ಆಲ್ಬನ್ ಬೆರ್ಗ್ ಬಳಿ ಕಲಿತ. ಅಡೋರ್ನೊನಂಥ ಶಿಸ್ತಿನ ಕಲಿಕೆ ನೀತ್ಶೆಗೆ ದೊರೆಯಲಿಲ್ಲ. ದೀರ್ಘ ಕೃತಿಗಳಲ್ಲಿ ಕಟ್ಟೋಣ ಕುಸಿಯುವುದಕ್ಕೆ ಇದೇ ಮುಖ್ಯ ಕಾರಣ. ಚಿಕ್ಕ ಕೃತಿಗಳ ಮತ್ತು ಹಾಡುಗಳ ಮಾತು ಬೇರೆ: ಅಲ್ಲಿ ಆತನಿಗೆ ಹೇಳಬೇಕಾದದ್ದಿದೆ, ಹೇಳುವ ಹದವೂ ಇದೆ. ನೀತ್ಶೆ ದೊಡ್ಡ ಸಂಯೋಜಕನಲ್ಲ. ಬ್ಯೂಲೋನ ಪತ್ರವನ್ನು ಓದಿದವರು ಭಾವಿಸಿದಷ್ಟು ಕೀಳು ಸಂಯೋಜಕನೂ ಅಲ್ಲ.

1889ರ ಜನವರಿಯಲ್ಲಿ ಟ್ಯೂರಿನ್‌ನಲ್ಲಿ ಬುದ್ಧಿ ಕದಡಿದ ಬಳಿಕವೂ ಆತ ಪಿಯಾನೊ ನುಡಿಸುವುದನ್ನು ಬಿಡಲಿಲ್ಲ ಎಂದು ಆಪ್ತರು ದಾಖಲಿಸಿದ್ದಾರೆ. ಅಷ್ಟು ಆಳಕ್ಕೆ ಇಳಿದಿದ್ದ ಸಂಗೀತವನ್ನು ಬಿಟ್ಟು ಆತನ ಚಿಂತನೆಯನ್ನು ಅರಿಯಲು ಹೊರಡುವುದು ಅರೆಬರೆ ಓದು. ನೀತ್ಶೆಯ ಪುಸ್ತಕಗಳನ್ನು ಓದುವ ಕನ್ನಡದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಈ ಧ್ವನಿಮುದ್ರಿಕೆಗಳನ್ನೂ ಕಾಲಾನುಕ್ರಮದಲ್ಲಿ ಕೇಳಬೇಕು; ಸಂಗೀತದ ಬಗ್ಗೆ ಆತ ಬರೆದ ಪುಟಗಳ ಪಕ್ಕದಲ್ಲಿಟ್ಟು ಅವುಗಳನ್ನು ಚರ್ಚಿಸಬೇಕು.